ಜುಲೈ ಮಳೆಯಲ್ಲಿ ಹೊಯ್ಸಳರ ಗುಡಿಗಳು: ಒಂಬತ್ತು ಬೇಡ, ನಾಲ್ಕು ಸಾಕು

ಪ್ರಶ್ನೆ: ನಾವು ದಾವಣಗೆರೆಯ ನಿವೃತ್ತ ಶಿಕ್ಷಕರು, ಒಟ್ಟು 26 ಜನ. ಹೆಚ್ಚಿನವರಿಗೆ 60 ದಾಟಿದೆ. ನಾಲ್ಕೈದು ಮಂದಿಗೆ ಮಂಡಿನೋವು. ಜುಲೈ ಕೊನೆಯಲ್ಲಿ ಎರಡು ದಿನ ಹಾಸನ, ಚಿಕ್ಕಮಗಳೂರು ಕಡೆಯ ಹೊಯ್ಸಳ ದೇವಸ್ಥಾನಗಳನ್ನು ನೋಡಿಬರುವ ಆಸೆ. ಟೂರ್‌ನವರು ಒಂಬತ್ತು ದೇವಸ್ಥಾನ, ಜೊತೆಗೆ ಶ್ರವಣಬೆಳಗೊಳ, ಮುಳ್ಳಯ್ಯನಗಿರಿ ಅಂತ ಪಟ್ಟಿ ಕೊಟ್ಟಿದ್ದಾರೆ. ಮನೆಯಲ್ಲಿ ಮಕ್ಕಳು ‘ಈ ಮಳೇಲಿ ಏನು ನೋಡ್ತೀರಿ, ಡಿಸೆಂಬರ್‌ನಲ್ಲಿ ಹೋಗಿ’ ಅನ್ನುತ್ತಿದ್ದಾರೆ. ಹೋಗಬಹುದೇ? ಹೋದರೆ ಹೇಗೆ ಹೋಗಬೇಕು?

ಉತ್ತರ: ಹೋಗಿ ಮೇಡಂ, ಧಾರಾಳವಾಗಿ ಹೋಗಿ. ಆದರೆ ಆ ಪಟ್ಟಿ ಹಿಡಿದುಕೊಂಡು ಹೋಗಬೇಡಿ. ಮಳೆಗಾಲದಲ್ಲಿ ಗುಂಪು ಸುಸ್ತಾಗುವುದು ಮಳೆಯಿಂದಲ್ಲ, ಪಟ್ಟಿಯಿಂದ. 26 ಜನ ಬಸ್ಸು ಇಳಿಯುವುದು, ಚಪ್ಪಲಿ ಬಿಡುವುದು, ಕೊಡೆ ಬಿಚ್ಚುವುದು, ಮತ್ತೆ ಕಾಲು ಒರೆಸಿಕೊಂಡು ಬಸ್ಸು ಹತ್ತುವುದು, ಇದಕ್ಕೇ ಪ್ರತಿ ಊರಿನಲ್ಲೂ ಮುಕ್ಕಾಲು ಗಂಟೆ ಬೇಕು. ಒಂಬತ್ತು ಕಡೆ ಹೀಗಾದರೆ ನೋಡುವುದಕ್ಕೆ ಉಳಿಯುವುದೇನು? ನಾಲ್ಕು ಊರು ಇಟ್ಟುಕೊಳ್ಳಿ: ಅಮೃತಪುರ, ಬೆಳವಾಡಿ, ಬೇಲೂರು, ಹಳೇಬೀಡು. ಯಾವ ಊರಲ್ಲಿ ಯಾವಾಗ ಹೊರಗೆ ಸುತ್ತಬೇಕು, ಯಾವಾಗ ಒಳಗೆ ನಿಲ್ಲಬೇಕು ಅನ್ನುವುದನ್ನು ಮಳೆಗೇ ಬಿಡಿ.

ಮಕ್ಕಳ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಡಿಸೆಂಬರ್ ಒಳ್ಳೆಯ ಕಾಲವೇ. ಆದರೆ ಆಗ ಶಾಲಾ ಪ್ರವಾಸದ ಬಸ್ಸುಗಳೂ ಅಲ್ಲಿಗೇ ಬರುತ್ತವೆ. ಬೇಲೂರಿನ ಒಳಗೆ ನಿಂತು ಒಂದು ಕಂಬವನ್ನು ಐದು ನಿಮಿಷ ನೋಡುತ್ತೇನೆಂದರೆ ಹಿಂದಿನವರು ಬಿಡುವುದಿಲ್ಲ. ಬೇಸಿಗೆಯಲ್ಲಾದರೆ ಬರಿಗಾಲಲ್ಲಿ ಆ ಕಲ್ಲುಹಾಸಿನ ಮೇಲೆ ಕಾಲಿಡಲು ಆಗದು. ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಕೆತ್ತನೆ ಕಣ್ಣು ಕುಕ್ಕುತ್ತದೆ, ಇನ್ನರ್ಧ ನೆರಳಲ್ಲಿ ಮುಳುಗಿರುತ್ತದೆ. ಮೋಡ ಕವಿದ ದಿನ ಹಾಗಲ್ಲ. ಬೆಳಕು ಎಲ್ಲ ಕಡೆ ಒಂದೇ ಸಮ ಹರಡಿ, ಹೊಯ್ಸಳರ ಆಳವಾದ ಕೆತ್ತನೆಯ ಒಳಗೂ ಇಳಿಯುತ್ತದೆ. ನಾಲ್ಕೂ ಗೋಡೆಗಳನ್ನು ದಿನದ ಯಾವ ಹೊತ್ತಿನಲ್ಲಾದರೂ ನೋಡಬಹುದು.

ಈಗ ಮಳೆಯ ವಿಷಯ. ಎರಡೂ ಜಿಲ್ಲೆಗಳಲ್ಲಿ ಎರಡೆರಡು ಥರದ ಮಳೆ ಇದೆ. ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರ ಕಡೆ ಜುಲೈ ಅಂದರೆ ಜಡಿಮಳೆ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಕಡಿಮೆಯಾಗುತ್ತದೆ. ಬೇಲೂರು ಅರೆಮಲೆನಾಡು. ಅಲ್ಲಿ ಸೋನೆ ಹಿಡಿದುಕೊಳ್ಳುತ್ತದೆ, ನಡುನಡುವೆ ಹೊಳವು, ಅಂದರೆ ಮಳೆಗೆ ಬಿಡುವು, ಕೊಡುತ್ತದೆ. ಹಳೇಬೀಡಿಗೆ ಬಂದರೆ ಇನ್ನೂ ಕಡಿಮೆ. ಕಡೂರು, ಬಾಣಾವರ, ಅರಸೀಕೆರೆ ಪೂರ್ತಿ ಬಯಲುಸೀಮೆ, ರೈತರು ಜುಲೈನಲ್ಲೂ ಮೋಡ ನೋಡುತ್ತಾ ಕೂರುವ ಜಾಗ. ಹಾಗಾಗಿ ಟಿವಿಯಲ್ಲಿ ‘ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್’ ಅಂತ ಬಂದ ಕೂಡಲೇ ಹೆದರಬೇಡಿ. ಆ ಎಚ್ಚರಿಕೆ ಇಡೀ ಜಿಲ್ಲೆಯ ಹೆಸರಲ್ಲಿ ಬರುತ್ತದೆ, ಕಡೂರಿಗೂ ಕೊಪ್ಪಕ್ಕೂ ಒಂದೇ. ಚಿಕ್ಕಮಗಳೂರಿನ ಹೋಟೆಲಿಗೋ ಬೇಲೂರಿನ ಗೈಡ್‌ಗೋ ಒಂದು ಫೋನ್ ಮಾಡಿ ಕೇಳಿ. ರೆಡ್ ಅಲರ್ಟ್ ಬಂದರೆ ಮಾತ್ರ ಯೋಚನೆಯೇ ಬೇಡ, ಮುಂದಕ್ಕೆ ಹಾಕಿ. ಗುಡ್ಡ ಕುಸಿದ ಸುದ್ದಿ ಬರುವ ಶಿರಾಡಿ, ಚಾರ್ಮಾಡಿ ಘಾಟಿಗಳು ನಿಮ್ಮ ದಾರಿಯಲ್ಲಿ ಬರುವುದೇ ಇಲ್ಲ. ಇದನ್ನು ಮಕ್ಕಳಿಗೂ ಹೇಳಿ, ಅವರಿಗೂ ಸಮಾಧಾನವಾಗುತ್ತದೆ.

ನೀವು ದಾವಣಗೆರೆಯಿಂದ ಬರುವವರು, ಅದು ನಿಮಗೆ ಅನುಕೂಲವೇ ಆಯಿತು. ಮೊದಲು ತರೀಕೆರೆ ಹತ್ತಿರದ ಅಮೃತಪುರ ಸಿಗುತ್ತದೆ. ಬೆಂಗಳೂರಿನಿಂದ ಬರುವ ಗುಂಪುಗಳು ದೂರವೆಂದು ಬಿಟ್ಟುಬಿಡುವ ಗುಡಿ ಇದು. ನಿಮ್ಮ ಟೂರ್‌ನವರ ಪಟ್ಟಿಯಲ್ಲಿ ಇಲ್ಲದಿದ್ದರೆ ಜಗಳವಾಡಿಯಾದರೂ ಸೇರಿಸಿ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತ ದಂಡನಾಯಕ ಕಟ್ಟಿಸಿದ ಅಮೃತೇಶ್ವರ. ಇಲ್ಲಿನ ಶಾಸನವನ್ನು ಬರೆದವನು ಕವಿ ಜನ್ನ. ನಿಮ್ಮ ಗುಂಪಿನಲ್ಲಿ ಕನ್ನಡ ಮೇಷ್ಟ್ರು ಇದ್ದೇ ಇರುತ್ತಾರೆ. ‘ಯಶೋಧರ ಚರಿತೆ’ಯನ್ನು ಪಾಠ ಮಾಡಿದವರು ಆ ಕಲ್ಲಿನ ಮುಂದೆ ನಿಂತಾಗ ಅವರ ಮುಖ ನೋಡಬೇಕು. ಅದಕ್ಕೆಂದೇ ಅಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಮಳೆಗೆ ಅಮೃತಪುರ ಒಳ್ಳೆಯದು ಅನ್ನುವುದಕ್ಕೆ ಇನ್ನೊಂದು ಕಾರಣ ಅದರ ಮುಖಮಂಟಪ. 29 ಅಂಕಣಗಳ (ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ) ದೊಡ್ಡ ತೆರೆದ ಮಂಟಪ, ಮೂರು ಕಡೆಯಿಂದ ಬೆಳಕು. ಜೋರು ಮಳೆ ಬಂದರೆ 26 ಜನವೂ ಒಳಗೆ ಆರಾಮವಾಗಿ ನಿಂತು ಕಂಬ, ಚಾವಣಿ ನೋಡಬಹುದು. ಮಳೆ ಬಿಟ್ಟಾಗ ಮಂಟಪದ ತಗ್ಗು ಗೋಡೆಯ ಹೊರಮೈಗೆ ಬನ್ನಿ. ದಕ್ಷಿಣದ ಕಡೆ ರಾಮಾಯಣ, ಉತ್ತರದ ಕಡೆ ಕೃಷ್ಣನ ಕಥೆ ಮತ್ತು ಮಹಾಭಾರತ, ಸಣ್ಣ ಸಣ್ಣ ಚೌಕಗಳಲ್ಲಿ. ರಾಮಾಯಣ ಇಲ್ಲಿ ಎಡಸುತ್ತಾಗಿ ಸಾಗುತ್ತದೆ. ಎಲ್ಲ ಕಡೆ ಮಾಡುವ ಹಾಗೆ ಬಲಕ್ಕೆ ಸುತ್ತುತ್ತಾ ಹೋದರೆ ಕಥೆ ಹಿಂದುಮುಂದಾಗುತ್ತದೆ. ಗೋಪುರದ ಮುಂಭಾಗ ಚಾಚಿಕೊಂಡಿರುವ ಕಡೆ ಸಳ ಸಿಂಹವನ್ನು ಇರಿಯುವ ಲಾಂಛನವೂ ಇದೆ, ತಲೆ ಎತ್ತಿ ನೋಡುವುದನ್ನು ಮರೆಯಬೇಡಿ. ಹೊಯ್ಸಳ ಶಿಲ್ಪಿಗಳಲ್ಲಿ ದೊಡ್ಡ ಹೆಸರಾದ ಮಲ್ಲಿತಮ್ಮ ಕೆಲಸ ಶುರು ಮಾಡಿದ್ದು ಈ ಗುಡಿಯಲ್ಲೇ ಅನ್ನುತ್ತಾರೆ.

ಅಮೃತಪುರದಿಂದ ಚಿಕ್ಕಮಗಳೂರಿಗೆ ಲಿಂಗದಹಳ್ಳಿ ಮೇಲೆ ಒಂದು ದಾರಿ ಇದೆ. ಚೆನ್ನಾಗಿದೆ, ಆದರೆ ಮಳೆಯಲ್ಲಿ ಬಸ್ಸಿಗೆ ಬೇಡ. ಬೀರೂರು, ಕಡೂರು, ಬಾಣಾವರ, ಜಾವಗಲ್ ಮೇಲೆ ಬೆಳವಾಡಿಗೆ ಬನ್ನಿ. ಸುತ್ತಾದರೂ ಬಯಲು ದಾರಿ. ಮಧ್ಯಾಹ್ನದ ಊಟ ಕಡೂರಿನಲ್ಲಿ ಆಗುತ್ತದೆ. ದೇವಸ್ಥಾನದ ಬಾಗಿಲು ಹಾಕುವ ಹೊತ್ತನ್ನು ಮೊದಲೇ ಕೇಳಿಟ್ಟುಕೊಂಡು ಮೂರು ಗಂಟೆ ಸುಮಾರಿಗೆ ತಲುಪುವ ಹಾಗೆ ನೋಡಿಕೊಳ್ಳಿ.

ಬೆಳವಾಡಿಯ ವೀರನಾರಾಯಣ ದೇವಸ್ಥಾನ ನೋಡುವುದಕ್ಕೆ ಮಳೆಗಾಲಕ್ಕಿಂತ ಒಳ್ಳೆಯ ಕಾಲ ಇಲ್ಲ ಅಂತಲೇ ನನ್ನ ಅಭಿಪ್ರಾಯ. ತ್ರಿಕೂಟ, ಅಂದರೆ ಮೂರು ಗರ್ಭಗುಡಿ. ನಡುವೆ ವೀರನಾರಾಯಣ, ಎದುರುಬದುರಾಗಿ ವೇಣುಗೋಪಾಲ ಮತ್ತು ಯೋಗಾನರಸಿಂಹ. ಹೊರಗೋಡೆಯಲ್ಲಿ ಬೇಲೂರಿನಷ್ಟು ಸೂಕ್ಷ್ಮ ಕೆಲಸ ಹುಡುಕಬೇಡಿ. ಇಲ್ಲಿ ನೋಡಬೇಕಾದ್ದು ಮಂಟಪ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಸಾಲುಸಾಲಾಗಿ ನಿಂತಿವೆ. ಒಂದು ಕಂಬದ ಹತ್ತಿರ ಹೋಗಿ ಕಣ್ಣು ಅದರ ಮೈಗೆ ಓರೆಯಾಗಿ ಇಟ್ಟು ನೋಡಿ. ಹೊರಗಿನ ಬೂದು ಆಕಾಶ, ಎದುರಿನ ಕಂಬ, ಪಕ್ಕದಲ್ಲಿ ನಿಂತವರ ಸೀರೆಯ ಬಣ್ಣ, ಎಲ್ಲವೂ ಆ ಕರಿಕಲ್ಲಿನ ಹೊಳಪಿನಲ್ಲಿ ಉದ್ದುದ್ದ ಎಳೆದ ಹಾಗೆ ಕಾಣುತ್ತದೆ. ಕಂಬದ ನಡುವಿನ ಗಂಟೆಯಾಕಾರದ ಭಾಗದಲ್ಲಿ ಸುತ್ತಲೂ ಕೂದಲೆಳೆಯಂಥ ಗೆರೆಗಳಿವೆ, ಒಂದರ ಪಕ್ಕ ಒಂದು, ಎಲ್ಲೂ ತಪ್ಪಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಈ ಕೆಲಸ ಸಾಧ್ಯವಾಯಿತು. ಈ ಊರೇ ಮಹಾಭಾರತದ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದ ಜಾಗ ಅಂತ ಊರವರು ಹೇಳುತ್ತಾರೆ. ಮಳೆ ಸುರಿಯುತ್ತಿರುವಾಗ ಆ ಮಂಟಪದಲ್ಲಿ ಕೂತು ಆ ಕಥೆಯನ್ನು ಅವರ ಬಾಯಲ್ಲೇ ಕೇಳಿ.

ರಾತ್ರಿ ಚಿಕ್ಕಮಗಳೂರಿನಲ್ಲಿ ಉಳಿಯಿರಿ. ಬೆಳವಾಡಿಯಿಂದ ಸುಮಾರು 30 ಕಿ.ಮೀ. ಬೇಲೂರಿಗೆ ಅಲ್ಲಿಂದ 25 ಕಿ.ಮೀ. ಊಟ, ಕಾಫಿಗೆ ಕೊರತೆ ಇಲ್ಲ. ಒದ್ದೆ ಬಟ್ಟೆ ಒಣಗುವುದಿಲ್ಲ, ಅದೊಂದೇ ತೊಂದರೆ. ಎರಡು ದಿನಕ್ಕೆ ಮೂರು ಜೊತೆ ಬಟ್ಟೆ ಇಟ್ಟುಕೊಳ್ಳಿ.

ಎರಡನೇ ದಿನ ಬೇಲೂರಿಗೆ ಎಂಟು ಗಂಟೆಯೊಳಗೆ ತಲುಪಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೂರು ಹೊಯ್ಸಳ ದೇವಸ್ಥಾನಗಳಲ್ಲಿ ಇದೂ ಒಂದು. ಇನ್ನೆರಡು ಹಳೇಬೀಡು ಮತ್ತು ಸೋಮನಾಥಪುರ. ಮಹಾದ್ವಾರದಿಂದಲೇ ಬರಿಗಾಲು. ಅಂಗಳ ಪೂರ್ತಿ ಕಲ್ಲುಹಾಸು. ಇಲ್ಲಿಂದ ಮುಂದೆ ನಾನು ಹೇಳುವುದನ್ನು ಗುಂಪಿಗೆಲ್ಲ ಓದಿ ಹೇಳಿ.

ಒಂದು, ಕೊಡೆ. ಗೋಡೆಯ ಹತ್ತಿರ ಕೊಡೆ ಬಿಚ್ಚಲೇಬೇಡಿ. 26 ಜನ ಕೊಡೆ ಹಿಡಿದು ಗೋಡೆಗೆ ಮುಖ ಮಾಡಿ ನಿಂತರೆ ಕೊಡೆಯ ಕಡ್ಡಿಗಳ ತುದಿ ನೇರವಾಗಿ ಶಿಲ್ಪದ ಮುಖದ ಎತ್ತರಕ್ಕೆ ಬರುತ್ತದೆ. ಬಳಪದ ಕಲ್ಲಿಗೆ ಗೀರು ಬೀಳಲು ಜಾಸ್ತಿ ಬಲ ಬೇಡ. ಒಂಬೈನೂರು ವರ್ಷ ಗಾಳಿ, ಮಳೆ, ಯುದ್ಧ ಎಲ್ಲ ತಡೆದುಕೊಂಡು ಬಂದ ಬೆರಳೊಂದು ನಮ್ಮ ಕೊಡೆ ತಾಗಿ ಮುರಿದರೆ ಅದನ್ನು ಯಾರೂ ಮತ್ತೆ ಮಾಡಿಕೊಡಲಾರರು. ಎಲ್ಲರಿಗೂ ತೆಳುವಾದ ರೇನ್‌ಕೋಟ್ ತರಲು ಹೇಳಿ. ಕೊಡೆ ಬಸ್ಸಿನಿಂದ ದ್ವಾರದವರೆಗೆ ಮಾತ್ರ. ಒದ್ದೆ ಕೈಯಲ್ಲಿ ಶಿಲ್ಪ ಮುಟ್ಟುವುದೂ ಬೇಡ.

ಎರಡು, ಕಾಲು. ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೆಟ್ಟಿಲುಗಳು ತುಳಿದು ತುಳಿದು ನಯವಾಗಿವೆ, ಒದ್ದೆಯಾದರೆ ಜಾರುತ್ತವೆ. ಸಾಕ್ಸ್ ಹಾಕಿಕೊಂಡರೆ ನೀರು ಹೀರಿಕೊಂಡು ಇನ್ನೂ ಜಾರುತ್ತದೆ, ಬರಿಗಾಲೇ ವಾಸಿ. ಮಂಡಿನೋವಿನವರು ಒಬ್ಬೊಬ್ಬರಾಗಿ, ಪಕ್ಕದಲ್ಲಿ ಒಬ್ಬರ ಕೈ ಹಿಡಿದು ಹತ್ತಲಿ. ಜಗತಿಯ ಮೇಲೆ ನೀರು ನಿಂತ ಜಾಗಕ್ಕಿಂತ ಹಸಿರು ಕಂಡ ಜಾಗಕ್ಕೆ ಹೆದರಿ. ನಕ್ಷತ್ರಾಕಾರದ ಗೋಡೆಯ ಒಳಮೂಲೆಗಳಲ್ಲಿ ಗಾಳಿ ಆಡುವುದಿಲ್ಲ, ಪಾಚಿ ಕಟ್ಟುವುದು ಅಲ್ಲೇ.

ಮೂರು, ಗಾಳಿಯ ದಿಕ್ಕು. ಈ ಕಾಲದ ಮಳೆ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಎರಚಲು ಹೊಡೆಯುವುದು ಹಿಂಬದಿಯ ಗೋಡೆಗೆ. ಬೇಲೂರು, ಹಳೇಬೀಡು ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಸೋನೆ ಇರುವಾಗ ಮುಂಭಾಗ ನೋಡಿ. ಹೊಳವು ಕೊಟ್ಟ ತಕ್ಷಣ, ಉಳಿದದ್ದೆಲ್ಲ ಬಿಟ್ಟು, ಹಿಂಬದಿಗೆ ಹೋಗಿ. ಹೊಳವು ಹತ್ತು ನಿಮಿಷವೋ ಅರ್ಧ ಗಂಟೆಯೋ ಹೇಳಲಾಗದು. ಗೈಡ್ ಯಾವುದೋ ಕಥೆಯ ನಡುವೆ ಇದ್ದರೂ ಪರವಾಗಿಲ್ಲ, ನಿಲ್ಲಿಸಿ ಎಬ್ಬಿಸಿ. ಒಳ್ಳೆಯ ಗೈಡ್ ಆದರೆ ತಾವೇ ಎದ್ದು ನಡೆಯುತ್ತಾರೆ.

ಮಳೆಯಲ್ಲಿ ಮಾತ್ರ ಕಾಣುವ ಒಂದು ಸಂಗತಿ ಇದೆ. ಮುಂಬಾಗಿಲ ಪಕ್ಕ ನಿಂತು ಸೂರಿನ ಅಂಚನ್ನು ನೋಡಿ. ಮೇಲಿಂದ ಹರಿದ ನೀರು ಆ ಬಾಗಿದ ಸೂರಿನ ಮೇಲೆ ಜಾರಿ, ಗೋಡೆಗೆ ತಾಗದೆ, ದೂರ ಹೋಗಿ ಜಗತಿಯ ಮೇಲೆ ಬೀಳುತ್ತದೆ. ಈಗ ಗೋಡೆಯನ್ನು ನೋಡಿ. ಬುಡದ ಆನೆಸಾಲು ಹನಿ ಸಿಡಿದು ಕಪ್ಪಾಗಿದೆ. ಅದರ ಮೇಲೆ ಒಂದು ಗೆರೆ ಎಳೆದ ಹಾಗೆ ಕಲ್ಲು ಒಣಗಿ, ಬೂದು ಹಸಿರು ಬಣ್ಣದಲ್ಲಿದೆ. ಸೂರನ್ನು ಎಷ್ಟು ಚಾಚಬೇಕು ಅನ್ನುವ ಲೆಕ್ಕ ಆ ಗೆರೆಯಲ್ಲಿದೆ. ಅದೇ ಸೂರಿನ ಅಡಿಯಲ್ಲಿ ಮರದ ತೊಲೆ, ರೀಪುಗಳ ಆಕಾರವನ್ನು ಕಲ್ಲಿನಲ್ಲಿ ಕಡೆದಿದ್ದಾರೆ. ಮಲೆನಾಡಿನ ಅಂಚಿನಲ್ಲಿ, ಮಳೆ ಗೊತ್ತಿದ್ದವರು ಕಟ್ಟಿದ ಗುಡಿ ಇದು. ಮದನಿಕೆಯರನ್ನು ಆ ಸೂರಿನ ಕೆಳಗೇ ನಿಲ್ಲಿಸಿದ್ದಾರೆ, ಅಲ್ವಾ? ಹೊರಗಿನ 38 ಮದನಿಕೆಯರು ಇವತ್ತಿಗೂ ಉಗುರು, ಬಳೆ, ಜಡೆಯ ಹೂವಿನ ಸಮೇತ ಉಳಿದಿರುವುದರಲ್ಲಿ ಆ ಸೂರಿನ ಪಾಲು ದೊಡ್ಡದು.

ಮದನಿಕೆಯರ ಫೋಟೋ ತೆಗೆಯುವಾಗ ಒಂದು ತೊಂದರೆ ಬರುತ್ತದೆ. ಪಕ್ಕದಲ್ಲಿ ಬಿಳಿ ಆಕಾಶ, ಸೂರಿನ ಕೆಳಗೆ ಕತ್ತಲು. ಮೊಬೈಲ್ ಆಕಾಶಕ್ಕೆ ಬೆಳಕು ಹೊಂದಿಸಿಕೊಂಡು ಶಿಲ್ಪವನ್ನು ಕಪ್ಪಾಗಿಸಿಬಿಡುತ್ತದೆ. ಪರದೆಯ ಮೇಲೆ ಶಿಲ್ಪದ ಮುಖ ಇರುವ ಕಡೆ ಬೆರಳಿಟ್ಟು ಒತ್ತಿ, ಆಮೇಲೆ ಕ್ಲಿಕ್ ಮಾಡಿ. ಫೋಟೋಗಿಂತ ಒಂದು ಸಣ್ಣ ದುರ್ಬೀನು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗುಂಪಿಗೆ ಎರಡಿದ್ದರೆ ಸಾಕು. ಮದನಿಕೆಯರ ಪೀಠದಲ್ಲಿ ಕೆಲವು ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ದುರ್ಬೀನು ಹಿಡಿದು ಹಳಗನ್ನಡದ ಅಕ್ಷರ ಕೂಡಿಸಿ ಓದುವ ಕೆಲಸ ಮೇಷ್ಟ್ರುಗಳಿಗಲ್ಲದೆ ಇನ್ಯಾರಿಗೆ ಒಪ್ಪುತ್ತದೆ?

ಒಳಗೆ ಬೇಲೂರು ಕತ್ತಲು. ಮೊದಲು ತೆರೆದಿದ್ದ ಮಂಟಪಕ್ಕೆ ಆಮೇಲೆ ವೀರಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳನ್ನು, ಅಂದರೆ ತೂತುಗಳಿರುವ ಕಲ್ಲಿನ ಜಾಲರಿಗಳನ್ನು, ಕೂಡಿಸಿದರು. ಮೋಡ ಇರುವ ದಿನ ಅವುಗಳಿಂದ ಬರುವ ಬೆಳಕು ಸಾಲದು. ಮಳೆಯಲ್ಲಿ ಕರೆಂಟ್ ಹೋಗುವುದೂ ಉಂಟು. ಒಳ್ಳೆಯ ಟಾರ್ಚ್ ಇಟ್ಟುಕೊಳ್ಳಿ, ಬೆಳಕನ್ನು ಎದುರಿನಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಆಗಲೇ ನರಸಿಂಹ ಕಂಬದ ಸಣ್ಣ ಮೂರ್ತಿಗಳು, ನವರಂಗದ ನಾಲ್ಕು ಮದನಿಕೆಯರು ಎದ್ದು ಕಾಣುವುದು. ಗುಂಪನ್ನು 13ರಂತೆ ಎರಡು ಮಾಡಿ, ಇಬ್ಬರು ಗೈಡ್ ತೆಗೆದುಕೊಳ್ಳಿ. ಒಂದು ಗುಂಪು ಒಳಗೆ, ಇನ್ನೊಂದು ಹೊರಗೆ. ಜೋರು ಮಳೆ ಬಂದರೆ ಹೊರಗಿನವರು ಪ್ರಾಕಾರದ ಕೈಸಾಲೆಗೆ ಹೋಗಿ ಕೂರಲಿ. ಶಾಂತಲೆ ಕಟ್ಟಿಸಿದ ಚೆನ್ನಿಗರಾಯ ಗುಡಿಯೂ ಅದೇ ಅಂಗಳದಲ್ಲಿದೆ. ಜನ ಸುಮ್ನೆ ದಾಟಿ ಹೋಗುತ್ತಾರೆ, ನೀವು ಹೋಗಬೇಡಿ.

ಹಳೇಬೀಡು ಬೇಲೂರಿನಿಂದ 16 ಕಿ.ಮೀ. ಹನ್ನೆರಡಕ್ಕೆ ಅಲ್ಲಿರಿ. ಹೊಯ್ಸಳೇಶ್ವರ ಜೋಡಿ ಗುಡಿ, ಹೊಯ್ಸಳೇಶ್ವರ ಮತ್ತು ಶಾಂತಲೇಶ್ವರ. 1121ರ ಹೊತ್ತಿಗೆ ಕೆಲಸ ಶುರು, ಮಾಡಿಸಿದವನು ಅಧಿಕಾರಿ ಕೇತಮಲ್ಲ. ಹೊರಗೋಡೆಯೇ ಇಲ್ಲಿ ಎಲ್ಲ. ಬುಡದಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ, ಅದರ ಮೇಲೆ ದೊಡ್ಡ ದೇವತಾಮೂರ್ತಿಗಳು. ಪಶ್ಚಿಮದ ಗೋಡೆಯ ಮೂರ್ತಿಗಳನ್ನು ತಪ್ಪಿಸಬೇಡಿ, ಆದರೆ ಎರಚಲು ಹೊಡೆಯುವುದು ಅದಕ್ಕೇ. ಹೊಳವಿಗೆ ಕಾಯುವಾಗ ಪೂರ್ವದ ಎರಡು ನಂದಿ ಮಂಟಪಗಳಲ್ಲಿ ನಿಲ್ಲಿ. ದಕ್ಷಿಣದ ನಂದಿಯ ಹಿಂದೆ ಸೂರ್ಯನ ಗುಡಿ ಇದೆ. ಮಳೆ ನಿಲ್ಲುವ ಲಕ್ಷಣವೇ ಇಲ್ಲವೆಂದರೆ ಹತ್ತಿರದಲ್ಲೇ ಇರುವ ಬಸದಿಹಳ್ಳಿಗೆ ಹೋಗಿ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳ ಹೊಳಪು ಬೆಳವಾಡಿಯನ್ನು ನೆನಪಿಸುತ್ತದೆ, ಜನರ ಗದ್ದಲವೂ ಇರುವುದಿಲ್ಲ. ಮೂರೂವರೆಗೆ ಹೊರಟರೆ ಜಾವಗಲ್, ಬಾಣಾವರ ಮೇಲೆ ಕತ್ತಲಾಗುವ ಮೊದಲು ಕಡೂರು ದಾಟಿ ಹೆದ್ದಾರಿಯಲ್ಲಿರುತ್ತೀರಿ.

ಪಟ್ಟಿಯಿಂದ ಮೊದಲು ತೆಗೆಯಬೇಕಾದವು ಎರಡು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು, ಮೇಲೆ ನೆರಳಿಲ್ಲ, ಮಂಡಿನೋವಿನವರು ಇಳಿಯುವಾಗ ಒದ್ದೆ ಬಂಡೆ. ಡೋಲಿ ಸಿಗುತ್ತದೆ ನಿಜ, ಆದರೆ ಗೊಮ್ಮಟನನ್ನು ಚಳಿಗಾಲದಲ್ಲಿ ಒಂದು ದಿನ ಪೂರ್ತಿ ಇಟ್ಟುಕೊಂಡು ನೋಡಿ. ಮುಳ್ಳಯ್ಯನಗಿರಿಯಲ್ಲಿ ಜುಲೈನಲ್ಲಿ ಕಾಣುವುದು ಮಂಜು ಮಾತ್ರ, ಗಾಳಿಗೆ ನಿಲ್ಲುವುದೂ ಕಷ್ಟ. ದೊಡ್ಡಗದ್ದವಳ್ಳಿ ನನಗೆ ಬಹಳ ಇಷ್ಟದ ಗುಡಿ, ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ. ಅದನ್ನು ಬಿಡಿ ಅನ್ನಲು ಬೇಜಾರು. ಆದರೂ ಈ ಸಲ ಬಿಡಿ, ಹಾಸನದ ಕಡೆಗೆ ಸುತ್ತು ಬೀಳುತ್ತದೆ.

ಹೊರಡುವ ಹೊತ್ತಿಗೆ ಬೇಲೂರು ಕಡೆ ಮಳೆ ಹಿಡಿದೇ ಬಿಟ್ಟಿದೆ ಅಂದುಕೊಳ್ಳಿ. ಆಗ ಎರಡನೇ ದಿನವನ್ನು ಅರಸೀಕೆರೆಗೆ ತಿರುಗಿಸಿ. ಅಲ್ಲಿನ ಈಶ್ವರ ದೇವಸ್ಥಾನ 1220ರದು, ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿದೆ, ಒಳಗೆ ನಿಂತು ತಲೆ ಎತ್ತಿದರೆ ಗುಮ್ಮಟದಂಥ ಚಾವಣಿ. ಹತ್ತಿರದ ಹಾರನಹಳ್ಳಿಯಲ್ಲಿ ಚೆನ್ನಕೇಶವ, ಸೋಮೇಶ್ವರ ಎರಡು ಗುಡಿಗಳಿವೆ. ಬಯಲುಸೀಮೆ, ಅಲ್ಲಿ ಮಳೆ ಕಾಟ ಕಡಿಮೆ.

ಈ ಬದಲಾವಣೆಗೆ ಟೂರ್‌ನವರು ಒಪ್ಪಬೇಕಲ್ಲ, ಅದನ್ನು ಹಣ ಕೊಡುವ ಮೊದಲೇ ಮಾತಾಡಿ. ಮಳೆ ನೋಡಿಕೊಂಡು ಊರು ಬದಲಿಸುತ್ತೇವೆ, ಒಂದು ಕಡೆ ಮೂರು ಗಂಟೆ ನಿಂತರೂ ಡ್ರೈವರ್ ಹಾರನ್ ಹೊಡೆಯಬಾರದು, ಕಿ.ಮೀ. ಜಾಸ್ತಿಯಾದರೆ ಎಷ್ಟು ಅಂತ ಈಗಲೇ ಹೇಳಿ ಎಂದು ವಾಟ್ಸಾಪ್‌ನಲ್ಲಿ ಬರೆದು, ಅವರ ಒಪ್ಪಿಗೆಯನ್ನೂ ಅಲ್ಲೇ ಪಡೆಯಿರಿ. ಬಸ್ಸಿನ ಟೈರು, ವೈಪರ್ ಎರಡನ್ನೂ ಗುಂಪಿನ ಒಬ್ಬರು ಹಿಂದಿನ ದಿನ ಕಣ್ಣಾರೆ ನೋಡಲಿ. ನೀವೆಲ್ಲ ನಿವೃತ್ತರು, ಶನಿವಾರ ಭಾನುವಾರವೇ ಹೊರಡಬೇಕೆಂದಿಲ್ಲ. ಮಂಗಳವಾರ ಬುಧವಾರ ಇಟ್ಟುಕೊಳ್ಳಿ. ಹಳೇಬೀಡಿನ ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ಬೇಡ. ಬೇಲೂರಿನ ಗೈಡ್‌ಗಳಿಗೆ ಒಂದು ವಾರ ಮೊದಲೇ ಫೋನ್ ಮಾಡಿ, ‘ನಾವು ಮೇಷ್ಟ್ರುಗಳು, ಶಾಸನ ಓದಿಸಿ, ಅವಸರ ಇಲ್ಲ’ ಅಂತ ಹೇಳಿಬಿಡಿ.